‘ಇನ್ನರ್‌ಮೋಸ್ಟ್’ ಎಂದರೆ ಆಳದ್ದೇ, ಒಳಗಿನದ್ದೇ? ಅರ್ಥ ಮತ್ತು ಬಳಕೆಯ ಬಗ್ಗೆ

ಪ್ರಶ್ನೆ: ಕುಂಜಿಬೆಟ್ಟಿನ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ತರಗತಿಯ ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರಾದ್ದರಿಂದ, ಹೊಸ ಶಬ್ದ ಎದುರಾದಾಗ ಅದರ ಕನ್ನಡ ಅರ್ಥವನ್ನು ಹೇಳಿ, ಒಂದೆರಡು ವಾಕ್ಯಗಳಲ್ಲಿ ಬಳಸಿ ತೋರಿಸಿದ ಮೇಲೆಯೇ ಮುಂದಕ್ಕೆ ಹೋಗುವುದು ನನ್ನ ರೂಢಿ. ಈಗ ‘ಇನ್ನರ್‌ಮೋಸ್ಟ್’ ಎಂಬ ವಿಶೇಷಣದ ಬಳಿ ಪಾಠ ತಡೆದು ನಿಂತಿದೆ. ಪಠ್ಯದಲ್ಲಿರುವ ಕಥೆಯ ನಾಯಕಿ ತನ್ನ ‘ಇನ್ನರ್‌ಮೋಸ್ಟ್ ಥಾಟ್ಸ್’ ಏನೆಂಬುದನ್ನು ಒಡಹುಟ್ಟಿದ ಅಕ್ಕನಿಗೂ ತಿಳಿಸದೆ ಮದುವೆಯಾಗಿ ಹೋಗುತ್ತಾಳೆ. ಮಕ್ಕಳು ಮೊಬೈಲಿನಲ್ಲಿ ಹುಡುಕಿದರೆ ‘ಅತ್ಯಂತ ಒಳಗಿನ’, ‘ಅಂತರಂಗದ’, ‘ಆಳವಾದ’ ಎಂಬ ಮೂರು ಅರ್ಥಗಳು ಒಟ್ಟಿಗೇ ಸಿಗುತ್ತವೆ. ಹೆಚ್ಚಿನವರು ಮೂರನೆಯದನ್ನು ಹಿಡಿದುಕೊಂಡು, ನಾಯಕಿ ಆಳವಾಗಿ ಯೋಚಿಸುವವಳು ಎಂದು ಉತ್ತರ ಬರೆದಿದ್ದಾರೆ. ಆಕೆ ಅಂಥ ಚಿಂತಕಿಯೇನೂ ಅಲ್ಲ. ಮನಸ್ಸಿನಲ್ಲಿದ್ದುದನ್ನು ಹೊರಗೆ ಬಿಡಲಿಲ್ಲ, ಅಷ್ಟೇ.

ಅದೇ ವಾರ ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿನಿ, ಬುಧವನ್ನು ‘ಇನ್ನರ್‌ಮೋಸ್ಟ್ ಪ್ಲಾನೆಟ್’ ಎಂದು ತನ್ನ ಪುಸ್ತಕದಲ್ಲಿ ಬರೆದಿದೆಯೆಂದೂ, ಆಕಾಶದಲ್ಲಿ ಆಳ ಎಲ್ಲಿಂದ ಬಂತೆಂದೂ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಇದರ ಜೊತೆಗೆ ‘ಮೋರ್ ಇನ್ನರ್‌ಮೋಸ್ಟ್’, ‘ಮೋಸ್ಟ್ ಇನ್ನರ್‌ಮೋಸ್ಟ್’, ‘ಇನ್ನರ್ ದ್ಯಾನ್’ ಎಂಬ ಪ್ರಯೋಗಗಳೂ ಉತ್ತರಪತ್ರಿಕೆಗಳಲ್ಲಿ ಧಾರಾಳವಾಗಿ ಸಿಗುತ್ತಿವೆ. ತಪ್ಪೆಂದು ಕೆಂಪು ಗೆರೆ ಎಳೆದುಬಿಡಬಹುದು, ಆದರೆ ಏಕೆ ತಪ್ಪೆಂದು ಕೇಳಿದ ಮಗುವಿಗೆ ಕೊಡಲು ಒಂದು ಕಾರಣ ಬೇಕಲ್ಲ. ಈ ಶಬ್ದದ ಅರ್ಥವ್ಯಾಪ್ತಿ ಎಷ್ಟು, ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ, ಮತ್ತು ಕನ್ನಡದಲ್ಲಿ ಅದನ್ನು ಹೇಗೆ ಹೇಳಿದರೆ ಮಕ್ಕಳು ದಾರಿ ತಪ್ಪುವುದಿಲ್ಲ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಮಣ್ಣಗುಡ್ಡೆಯ ಮಾಸ್ಟ್ರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದಲೇ ಆರಂಭಿಸೋಣ, ಏಕೆಂದರೆ ಈ ಶಬ್ದದ ಗಂಟು ಬಿಚ್ಚುವುದಕ್ಕೆ ಮನಸ್ಸಿಗಿಂತ ಬುಧಗ್ರಹವೇ ಹೆಚ್ಚು ಅನುಕೂಲ. ಸೂರ್ಯನಿಂದ ಸರಾಸರಿ ಸುಮಾರು 5.8 ಕೋಟಿ ಕಿಲೋಮೀಟರ್ ದೂರದಲ್ಲಿ ಸುತ್ತುವ ಬುಧನ ಕಕ್ಷೆಯು ಉಳಿದೆಲ್ಲ ಗ್ರಹಗಳ ಕಕ್ಷೆಗಳ ಒಳಗಡೆ ಇದೆ. ಬುಧನ ಕಕ್ಷೆಯ ಒಳಗೆ ಬೇರೆ ಗ್ರಹದ ಕಕ್ಷೆ ಇಲ್ಲ. ‘ಇನ್ನರ್‌ಮೋಸ್ಟ್’ ಹೇಳುವುದು ಇಷ್ಟನ್ನೇ: ಒಂದರೊಳಗೆ ಒಂದು ಇರುವ ಸಾಲಿನಲ್ಲಿ ಇನ್ನು ಒಳಕ್ಕೆ ಹೋಗುವುದಕ್ಕೆ ಏನೂ ಉಳಿದಿಲ್ಲ. ಆದ್ದರಿಂದ ಈ ವಿಶೇಷಣವನ್ನು ಕಂಡ ಕೂಡಲೇ ಮೊದಲು ಕೇಳಬೇಕಾದದ್ದು ‘ಯಾವ ಸಾಲಿನಲ್ಲಿ?’ ಎಂದು. ಗುರುಗ್ರಹದ ಚಂದ್ರಗಳನ್ನು ನೋಡಿ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ದೊಡ್ಡ ಚಂದ್ರಗಳಲ್ಲಿ ಎಲ್ಲಕ್ಕಿಂತ ಒಳಗಿನದು ಅಯೋ. ಆದರೆ ಗುರುವಿನ ಎಲ್ಲ ಚಂದ್ರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಯೋಗೆ ಆ ಪಟ್ಟ ಉಳಿಯುವುದಿಲ್ಲ, ಅದಕ್ಕಿಂತ ಒಳಗೆ ಮೆಟಿಸ್, ಅಮಾಲ್ಥಿಯಾ ಮುಂತಾದ ಸಣ್ಣವು ಸುತ್ತುತ್ತಿವೆ. ಸಾಲು ಬದಲಾದರೆ ‘ಇನ್ನರ್‌ಮೋಸ್ಟ್’ ಎಂಬ ಪಟ್ಟವೂ ಕೈ ಬದಲಾಗುತ್ತದೆ. ‘ಡೀಪ್’ ಎಂಬುದಕ್ಕೆ ಈ ಕಟ್ಟುಪಾಡು ಇಲ್ಲ; ಬಾವಿ ತನ್ನಷ್ಟಕ್ಕೆ ಆಳವಾಗಿರಬಹುದು, ಅದಕ್ಕೆ ಬೇರೆ ಬಾವಿಗಳ ಸಾಲು ಬೇಕಾಗಿಲ್ಲ.

ಇನ್ನು ವ್ಯಾಕರಣ. ‘ಇನ್’ ಎಂಬುದರ ತುಲನಾ ರೂಪವಾಗಿ ಹಳೆಯ ಇಂಗ್ಲಿಷಿನಲ್ಲಿ ‘ಇನ್ನೆರ’ ಎಂಬುದಿತ್ತು, ಅದೇ ಇಂದಿನ ‘ಇನ್ನರ್’. ಹುಟ್ಟಿನಲ್ಲಿ ಇದು ‘ಹೆಚ್ಚು ಒಳಗಿನ’ ಎಂಬ ಅರ್ಥದ್ದಾದರೂ ಹೋಲಿಸುವ ಶಕ್ತಿಯನ್ನು ಕಳೆದುಕೊಂಡು ಬಹಳ ಕಾಲವಾಯಿತು. ಈಗ ಅದು ‘ಔಟರ್’ ಎಂಬುದಕ್ಕೆ ಎದುರಾಗಿ ನಿಲ್ಲುತ್ತದೆ, ಅಷ್ಟೇ. ಹಾಗಾಗಿ ‘ಇನ್ನರ್ ದ್ಯಾನ್’ ಎಂದು ಯಾರೂ ಬರೆಯುವುದಿಲ್ಲ. ‘ಇನ್ನರ್‌ಮೋಸ್ಟ್’ ತಮ ರೂಪ, ಅಂದರೆ ತುದಿ ಮುಟ್ಟಿದ ರೂಪ. ತುದಿ ಮುಟ್ಟಿದ್ದಕ್ಕೆ ‘ಮೋರ್’ ಸೇರುವುದಿಲ್ಲ, ‘ಮೋಸ್ಟ್’ ಸೇರಿಸಿದರೆ ಹೇಳಿದ್ದನ್ನೇ ಹೇಳಿದಂತಾಗುತ್ತದೆ. ಮಕ್ಕಳು ‘ಮೋಸ್ಟ್ ಇನ್ನರ್‌ಮೋಸ್ಟ್’ ಎಂದು ಬರೆದರೆ, ಕೊನೆಯಲ್ಲಿರುವ ‘ಮೋಸ್ಟ್’ ಅವರ ಕಿವಿಗೆ ಬಿದ್ದಿಲ್ಲವೆಂದೇ ತಿಳಿಯಬೇಕು. ಅದನ್ನು ಎರಡು ತುಂಡು ಮಾಡಿ ಬೋರ್ಡಿನಲ್ಲಿ ಬರೆದು ತೋರಿಸಿದರೆ ಸಾಕು.

ಇಲ್ಲಿ ಒಂದು ತಮಾಷೆಯ ಸಂಗತಿಯಿದೆ, ತರಗತಿಗೆ ಬೇಡವಾದರೂ ನಿಮಗೆ ಇಷ್ಟವಾದೀತು. ಹಳೆಯ ಇಂಗ್ಲಿಷಿನ ‘ಇನ್ನೆಮೆಸ್ಟ್’ ಎಂಬ ರೂಪದಿಂದ ‘ಇನ್‌ಮೋಸ್ಟ್’ ಬಂದಿದೆ. ಅದರ ಕೊನೆಯ ಭಾಗ ಮೂಲದಲ್ಲಿ ‘ಮೋಸ್ಟ್’ ಅಲ್ಲವೇ ಅಲ್ಲ. ಅಲ್ಲಿ ಎರಡು ಪ್ರತ್ಯಯಗಳು ಒಂದರ ಮೇಲೊಂದು ಕುಳಿತಿವೆ: ತಮಾರ್ಥವನ್ನೇ ಹೇಳುವ ಹಳೆಯ ಮಕಾರ ಒಂದು, ಅದರ ಅರ್ಥ ಜನರಿಗೆ ಮಸುಕಾದ ಮೇಲೆ ಸೇರಿಸಿದ ‘ಎಸ್ಟ್’ ಇನ್ನೊಂದು. ಆಮೇಲೆ ‘ಮೆಸ್ಟ್’ ಎಂಬ ಉಚ್ಚಾರವನ್ನು ಕೇಳಿದವರು ಅದು ‘ಮೋಸ್ಟ್’ ಇರಬೇಕೆಂದು ಭಾವಿಸಿ ಹಾಗೆಯೇ ಬರೆದರು. ‘ಫೋರ್‌ಮೋಸ್ಟ್’, ‘ಅಟ್‌ಮೋಸ್ಟ್’ ಎಂಬವುಗಳ ಕಥೆಯೂ ಇದೇ. ಒಮ್ಮೆ ದಾರಿ ತೆರೆದ ಮೇಲೆ ‘ಅಪ್ಪರ್‌ಮೋಸ್ಟ್’, ‘ಟಾಪ್‌ಮೋಸ್ಟ್’ ಮುಂತಾದವು ನೇರವಾಗಿ ‘ಮೋಸ್ಟ್’ ಸೇರಿಸಿಯೇ ಹುಟ್ಟಿಕೊಂಡವು. ಆ ಹಳೆಯ ಮಕಾರ ನಮಗೆ ಅಪರಿಚಿತವೇನಲ್ಲ. ಸಂಸ್ಕೃತದ ಪರಮ, ಅಧಮ, ಮಧ್ಯಮ, ಚರಮ ಎಂಬ ಶಬ್ದಗಳ ತುದಿಯಲ್ಲಿ ಕುಳಿತಿರುವುದು ಅದರ ದಾಯಾದಿಯೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಮನಸ್ಸಿನ ವಿಷಯಕ್ಕೆ ಬಂದರೆ, ಈ ವಿಶೇಷಣ ಎಲ್ಲ ನಾಮಪದಗಳ ಜೊತೆ ಹೊಂದಿಕೊಳ್ಳುವುದಿಲ್ಲ. ಯೋಚನೆ, ಭಾವನೆ, ಗುಟ್ಟು, ಆಸೆ, ಭಯ, ‘ಸೆಲ್ಫ್’, ‘ಬೀಯಿಂಗ್’ ಇವುಗಳ ಜೊತೆ ಅದು ಸಲೀಸಾಗಿ ಕುಳಿತುಕೊಳ್ಳುತ್ತದೆ, ಅದೂ ಸಾಮಾನ್ಯವಾಗಿ ‘ಮೈ’, ‘ಹರ್’, ‘ದೇರ್’ ಎಂಬಂಥ ಒಡೆತನದ ಶಬ್ದದ ಹಿಂದೆಯೇ. ‘ಇನ್ನರ್‌ಮೋಸ್ಟ್ ನಾಲೆಜ್’ ಎಂದರೆ ಕಿವಿಗೆ ಒಗ್ಗುವುದಿಲ್ಲ. ‘ಇನ್ನರ್‌ಮೋಸ್ಟ್ ಸ್ಲೀಪ್’ ಎಂದು ಯಾರೂ ಹೇಳುವುದಿಲ್ಲ, ಅಲ್ಲಿ ‘ಡೀಪ್’ ಆಗಬೇಕು. ಯಾಕೆಂದು ನೋಡಿದರೆ, ನಿದ್ರೆಗೆ ತೀವ್ರತೆಯಿದೆ, ಆದರೆ ಅದನ್ನು ಯಾರಿಂದಲೂ ಬಚ್ಚಿಡಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಶಬ್ದದ ಕೀಲಿ ಇರುವುದು ಇಲ್ಲಿಯೇ. ‘ಡೀಪ್’ ಮತ್ತು ‘ಪ್ರೊಫೌಂಡ್’ ಯೋಚನೆಯ ತೂಕವನ್ನು ಹೇಳುತ್ತವೆ. ‘ಇನ್ನರ್‌ಮೋಸ್ಟ್’ ಆ ಯೋಚನೆಯ ಹತ್ತಿರ ಯಾರಿಗೆ ಪ್ರವೇಶವಿದೆ ಎಂಬುದನ್ನು ಹೇಳುತ್ತದೆ. ಒಬ್ಬ ಮನುಷ್ಯನ ‘ಇನ್ನರ್‌ಮೋಸ್ಟ್’ ಆಸೆ ತೀರಾ ಕ್ಷುಲ್ಲಕವಾದದ್ದೂ ಆಗಿರಬಹುದು: ತಮ್ಮನ ಮನೆಗಿಂತ ತನ್ನ ಮನೆಗೆ ಒಂದು ಮಹಡಿ ಹೆಚ್ಚು ಇರಬೇಕೆಂಬ ಆಸೆ. ಅದರಲ್ಲಿ ಆಳ ಎಲ್ಲಿದೆ? ಆದರೆ ಅವನು ಅದನ್ನು ಹೆಂಡತಿಯಲ್ಲಿಯೂ ಬಾಯಿ ಬಿಟ್ಟು ಹೇಳುವುದಿಲ್ಲ. ನಿಮ್ಮ ಮಕ್ಕಳು ನಾಯಕಿಯನ್ನು ಚಿಂತಕಿಯನ್ನಾಗಿ ಮಾಡಿದ್ದು ‘ಆಳವಾದ’ ಎಂಬ ಆ ಮೂರನೆಯ ಅರ್ಥದ ದೆಸೆಯಿಂದ. ಅದನ್ನು ಪಟ್ಟಿಯಿಂದ ಹೊಡೆದುಹಾಕಿ ಎಂಬುದೇ ನನ್ನ ಸಲಹೆ.

ಉತ್ತರ: ಕಂಕನಾಡಿಯ ಅನುವಾದಕಿ

ಮಾಸ್ಟ್ರು ಹೇಳಿದ್ದನ್ನು ನನ್ನ ಕೆಲಸದ ಕಡೆಯಿಂದಲೂ ಒಪ್ಪುತ್ತೇನೆ. ನಾನು ಆರೋಗ್ಯ ಸಂಬಂಧವಾದ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇನೆ. ಅಲ್ಲಿ ‘ಡೀಪ್’ ಮತ್ತು ‘ಇನ್ನರ್‌ಮೋಸ್ಟ್’ ಎರಡೂ ಒಂದೇ ಪುಟದಲ್ಲಿ ಬರುವುದುಂಟು, ಒಂದರ ಬದಲಿಗೆ ಇನ್ನೊಂದನ್ನು ಇಟ್ಟರೆ ಅರ್ಥವೇ ಕೆಟ್ಟುಹೋಗುತ್ತದೆ. ರಕ್ತ ಹರಿಯುವ ಅಪಧಮನಿಯ ಗೋಡೆಗೆ ಮೂರು ಪದರಗಳಿವೆ. ಹೊರಗಿನದು ‘ಅಡ್ವೆಂಟಿಶಿಯಾ’, ನಡುವಿನದು ‘ಮೀಡಿಯಾ’, ರಕ್ತಕ್ಕೆ ತಾಗಿಕೊಂಡಿರುವ, ಎಲ್ಲಕ್ಕಿಂತ ಒಳಗಿನದು ‘ಇಂಟಿಮಾ’. ಕೊಬ್ಬು ಶೇಖರವಾಗಿ ರಕ್ತನಾಳ ಕಿರಿದಾಗುವ ರೋಗ ಮೊದಲು ಹಿಡಿಯುವುದು ಈ ಒಳಪದರವನ್ನೇ. ಅಭಿಧಮನಿಗಳ ಗೋಡೆಯೂ, ತೆಳ್ಳಗಿದ್ದರೂ, ಹೀಗೆಯೇ ಮೂರು ಪದರಗಳದ್ದು. ಈಗ ನಿಮ್ಮ ಮುಂಗೈಯ ಹಿಂಬದಿಯನ್ನು ನೋಡಿಕೊಳ್ಳಿ. ಚರ್ಮದ ಕೆಳಗೆ ಹಸಿರಾಗಿ ಕಾಣುವ, ಡ್ರಿಪ್ಸ್ ಹಾಕುವಾಗ ನರ್ಸ್ ಹುಡುಕುವ ಆ ನಾಳವನ್ನು ವೈದ್ಯಶಾಸ್ತ್ರ ‘ಸೂಪರ್ಫಿಶಿಯಲ್’, ಅಂದರೆ ಮೇಲ್ಭಾಗದ್ದು ಎಂದು ಕರೆಯುತ್ತದೆ. ಅದು ಸ್ವಲ್ಪವೂ ಆಳದಲ್ಲಿಲ್ಲ. ಆದರೂ ಅದಕ್ಕೊಂದು ‘ಇನ್ನರ್‌ಮೋಸ್ಟ್’ ಪದರ ಇದ್ದೇ ಇದೆ. ಆಳವೆಂದರೆ ಮೇಲ್ಮೈಯಿಂದ ಇರುವ ದೂರ. ಒಳಗು ಎಂದರೆ ಸುತ್ತುವರಿದದ್ದರ ಲೆಕ್ಕ. ಈ ಎರಡು ಲೆಕ್ಕಗಳನ್ನು ಒಂದೇ ಎಂದುಕೊಂಡರೆ ಕೈಪಿಡಿ ಓದಿದ ರೋಗಿ ಬೇರೆಯೇ ಏನನ್ನೋ ತಿಳಿದುಕೊಳ್ಳುತ್ತಾನೆ.

‘ಇಂಟಿಮಾ’ ಎಂಬ ಈ ಶಬ್ದದ ಹಿಂದೆ ಲ್ಯಾಟಿನಿನ ‘ಇಂಟಿಮುಸ್’ ಇದೆ, ಅದರ ಅರ್ಥವೂ ‘ಎಲ್ಲಕ್ಕಿಂತ ಒಳಗಿನ’ ಎಂದೇ. ಇಂಗ್ಲಿಷಿನ ‘ಇಂಟಿಮೇಟ್’ ಬಂದದ್ದು ಅಲ್ಲಿಂದಲೇ. ಒಂದೇ ಅರ್ಥದಿಂದ ಹೊರಟು ಎರಡು ಶಬ್ದಗಳು ಎಷ್ಟು ದೂರ ಸರಿದಿವೆಯೆಂಬುದನ್ನು ಮಕ್ಕಳಿಗೆ ತೋರಿಸಬಹುದು: ‘ಇಂಟಿಮೇಟ್’ ಇಂದು ಇಬ್ಬರ ನಡುವಿನ ಆಪ್ತತೆಗೆ ಸಲ್ಲುತ್ತದೆ, ‘ಇನ್ನರ್‌ಮೋಸ್ಟ್’ ಒಬ್ಬರ ಒಳಗೇ ಉಳಿಯುತ್ತದೆ. ‘ಇಂಟಿಮೇಟ್ ಫ್ರೆಂಡ್’ ಎನ್ನುತ್ತೇವೆ, ‘ಇನ್ನರ್‌ಮೋಸ್ಟ್ ಫ್ರೆಂಡ್’ ಎನ್ನುವುದಿಲ್ಲ.

ಉತ್ತರ: ಕಾಪುವಿನ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ‘ಅಂತಃಕರಣದ ಯೋಚನೆಗಳು’ ಎಂದರೆ ಆಗುವುದಿಲ್ಲವೇ? ಒಳಗಿನ ಇಂದ್ರಿಯ ಎಂದು ತಾನೇ ಅದರ ಅರ್ಥ? ತುಳುವಿನಲ್ಲಿ ನಾವು ‘ಉಡಲ್’ ಎನ್ನುತ್ತೇವೆ. ‘ಉಡಲ್ ದಿಂಜಿನ ಸೊಲ್ಮೆಲು’ ಎಂದು ಸಭೆಗಳಲ್ಲಿ ಧನ್ಯವಾದ ಹೇಳುವುದನ್ನು ಎಲ್ಲರೂ ಕೇಳಿರುತ್ತೀರಿ. ಕನ್ನಡದ ಒಡಲು ಎಂಬುದೇ ಇದು ಎಂದು ನಮ್ಮ ಅಧ್ಯಾಪಕರು ಹೇಳಿದ್ದರು. ಹಾಗಾದರೆ ‘ಒಡಲಿನ ಮಾತು’ ಎಂದೂ ಹೇಳಬಹುದಲ್ಲ?

ಉತ್ತರ: ಕಂಕನಾಡಿಯ ಅನುವಾದಕಿ

ಅಂತಃಕರಣ ಬೇಡ ತಮ್ಮಾ. ವೇದಾಂತದಲ್ಲಿ ಅದಕ್ಕೆ ನೀವು ಹೇಳಿದ ಅರ್ಥವೇ ಇದೆ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ನಾಲ್ಕನ್ನೂ ಸೇರಿಸಿ ಹಾಗೆ ಕರೆಯುತ್ತಾರೆ. ಆದರೆ ದಿನಬಳಕೆಯ ಕನ್ನಡದಲ್ಲಿ ‘ಅಂತಃಕರಣ ಇರುವವರು’ ಎಂದರೆ ದಯೆ, ಮರುಕ ಇರುವವರು. ಅದೇ ಶಬ್ದ ನಮ್ಮ ಮಂಗಳೂರಿನ ಕ್ರೈಸ್ತ ಕೊಂಕಣಿಯಲ್ಲಿ ‘ಅಂತಸ್ಕರ್ನ್’ ಆಗಿ, ಪಾಪಪುಣ್ಯಗಳನ್ನು ತೂಗಿ ಚುಚ್ಚುವ ಆತ್ಮಸಾಕ್ಷಿಯ ಹೆಸರಾಗಿದೆ. ಒಂದೇ ಊರಿನಲ್ಲಿ, ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಅರ್ಥ ಕೊಡುವ ಶಬ್ದವನ್ನು ಮೂರನೆಯ ಅರ್ಥಕ್ಕೆ ಎಳೆಯುವುದು ಜಾಣತನವಲ್ಲ. ಉಡಲಿನ ಮಾತು ಬೇರೆ. ಅದು ತುಂಬಿ ಹೊರಗೆ ಬರುವ ಪ್ರೀತಿಗೆ ಹೇಳುವ ಶಬ್ದ, ನೀವೇ ಕೊಟ್ಟ ಉದಾಹರಣೆಯಲ್ಲಿ ಅದು ಮೈಕಿನಲ್ಲಿ ಕೇಳಿಸುತ್ತಿದೆ. ಇಲ್ಲಿ ನಮಗೆ ಬೇಕಾದದ್ದು ಹೊರಗೆ ಬರದೆ ಉಳಿದದ್ದಕ್ಕೆ ಹೆಸರು.

ಉತ್ತರ: ಪರ್ಕಳದ ಓದುಗ

ಚರ್ಚೆ ಕನ್ನಡದ ಕಡೆಗೆ ಹೊರಳಿರುವುದರಿಂದ ನನ್ನದೂ ಕೆಲವು ಮಾತುಗಳು. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಬೇಕು.

ಕನ್ನಡದ ಗುಣವಾಚಕಗಳಿಗೆ ತರ, ತಮ ಎಂಬ ಸ್ವಂತ ಪ್ರತ್ಯಯಗಳಿಲ್ಲ. ‘ಅದಕ್ಕಿಂತ ಒಳಗಿನ’, ‘ಎಲ್ಲಕ್ಕಿಂತ ಒಳಗಿನ’ ಎಂದು ಬಿಡಿಸಿ ಹೇಳುತ್ತೇವೆ, ಅಥವಾ ‘ಅತ್ಯಂತ’, ‘ತೀರಾ’ ಎಂಬುದನ್ನು ಮುಂದಿಡುತ್ತೇವೆ. ಆದರೆ ಸ್ಥಾನವನ್ನು ಹೇಳುವ ಶಬ್ದಗಳಿಗೆ ಮಾತ್ರ ಕನ್ನಡ ಒಂದು ಬೇರೆಯೇ ಯುಕ್ತಿಯನ್ನು ಇಟ್ಟುಕೊಂಡಿದೆ. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿ ಎಂಬ ಪಾಠದಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ: ಮೊತ್ತಮೊದಲು, ಕಟ್ಟಕಡೆ, ತುತ್ತತುದಿ, ನಟ್ಟನಡು. ಇವು ಮಾಸ್ಟ್ರು ಹೇಳಿದ ಇಂಗ್ಲಿಷಿನ ‘ಫೋರ್‌ಮೋಸ್ಟ್’, ‘ಹೈಂಡ್‌ಮೋಸ್ಟ್’, ‘ಟಾಪ್‌ಮೋಸ್ಟ್’, ‘ಮಿಡ್‌ಮೋಸ್ಟ್’ ಎಂಬ ಗುಂಪಿಗೆ ಹೆಚ್ಚುಕಡಿಮೆ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಎರಡು ಭಾಷೆಗಳೂ ಸಾಲಿನ ತುದಿಯನ್ನು ಹೇಳುವುದಕ್ಕೆ ಒಂದು ವಿಶೇಷ ಅಚ್ಚನ್ನು ಮಾಡಿಟ್ಟುಕೊಂಡಿವೆ ಎಂಬುದು ಸೋಜಿಗ. ಆದರೆ ನಮಗೆ ಬೇಕಾದ ‘ಒಳಗೆ’ ಎಂಬ ಶಬ್ದದ ಹತ್ತಿರ ಬಂದಾಗ ಕನ್ನಡ ಕೈಬಿಡುತ್ತದೆ. ಅದನ್ನು ಇಮ್ಮಡಿಸಿದರೆ ‘ಒಳಗೊಳಗೇ’ ಎಂದಾಗುತ್ತದೆ. ಅದರ ಅರ್ಥ ‘ಎಲ್ಲಕ್ಕಿಂತ ಒಳಗೆ’ ಎಂದಲ್ಲ, ‘ಹೊರಗೆ ತೋರಿಸದೆ’ ಎಂದು. ಒಳಗೊಳಗೇ ನಕ್ಕ, ಒಳಗೊಳಗೇ ಕುದಿದ, ಒಳಗೊಳಗೇ ಮಾತುಕತೆ ಮುಗಿಸಿದರು. ಸ್ಥಾನದ ಅರ್ಥ ಹೋಗಿ ಗುಟ್ಟಿನ ಅರ್ಥ ಬಂದು ಕುಳಿತಿದೆ. ನಾಯಕಿಯ ಮಟ್ಟಿಗೆ ನೋಡಿದರೆ ಇದು ನಷ್ಟವೇ ಅಲ್ಲ, ಲಾಭ. ‘ಇನ್ನರ್‌ಮೋಸ್ಟ್ ಥಾಟ್ಸ್’ ಎಂಬಲ್ಲಿ ಮಾಸ್ಟ್ರು ಹೇಳಿದ ಪ್ರವೇಶದ ಮಾತು ‘ಒಳಗೊಳಗೇ’ ಎಂಬುದರಲ್ಲಿ ತಾನಾಗಿ ಇದೆ. ಬುಧಗ್ರಹಕ್ಕೆ ಮಾತ್ರ ಅದು ನಡೆಯುವುದಿಲ್ಲ.

ಇನ್ನು ‘ಅಂತರಂಗದ’ ಎಂಬುದು. ಇದು ಎಲ್ಲರ ಕೈಗೆ ಮೊದಲು ಸಿಗುವ ಶಬ್ದ, ಆದರೆ ಇದು ‘ಇನ್ನರ್’ ಎಂಬುದಕ್ಕೆ ಸಮ, ‘ಇನ್ನರ್‌ಮೋಸ್ಟ್’ ಎಂಬುದಕ್ಕಲ್ಲ. ಶಾಸ್ತ್ರಗಳಲ್ಲಿ ಅಂತರಂಗ, ಬಹಿರಂಗ ಎಂಬವು ಸಾಪೇಕ್ಷ ಶಬ್ದಗಳು. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದವನ್ನು ನೋಡಿ. ಧಾರಣ, ಧ್ಯಾನ, ಸಮಾಧಿ ಎಂಬ ಮೂರು ಅಂಗಗಳು ಅವುಗಳ ಹಿಂದಿನ ಐದು ಅಂಗಗಳಿಗಿಂತ ಅಂತರಂಗ ಎಂದು ಒಂದು ಸೂತ್ರ ಹೇಳುತ್ತದೆ: ‘ತ್ರಯಮಂತರಂಗಂ ಪೂರ್ವೇಭ್ಯಃ’. ಅದರ ಮರುಸೂತ್ರವೇ, ಅವೇ ಮೂರು ನಿರ್ಬೀಜ ಸಮಾಧಿಗೆ ಬಹಿರಂಗ ಎನ್ನುತ್ತದೆ: ‘ತದಪಿ ಬಹಿರಂಗಂ ನಿರ್ಬೀಜಸ್ಯ’. ಒಂದು ಸಾಲಿನಲ್ಲಿ ಒಳಗಿನದಾಗಿದ್ದದ್ದು ಮುಂದಿನ ಸಾಲಿನಲ್ಲಿ ಹೊರಗಿನದಾಯಿತು. ತುದಿ ಮುಟ್ಟಿದ ಶಬ್ದವಾಗಿದ್ದರೆ ಹೀಗೆ ಮಾಡುವುದಕ್ಕೆ ಬರುತ್ತಿರಲಿಲ್ಲ. ತುದಿಗೆ ಸಂಸ್ಕೃತದಲ್ಲಿ ಇರುವುದು ‘ಅಂತರತಮ’. ಕುವೆಂಪು ಅವರು ಗುರುವನ್ನು ಪ್ರಾರ್ಥಿಸುವಾಗ ಬಳಸಿದ್ದು ಅದನ್ನೇ. ಆ ಪ್ರಾರ್ಥನೆಯ ಮೂಲಕ ಅದು ಕನ್ನಡದ ಕಿವಿಗೆ ಪರಿಚಿತವೂ ಆಗಿದೆ. ಆದರೂ ಕಥೆಯ ನಾಯಕಿಗೆ ‘ಅಂತರತಮ ಯೋಚನೆಗಳು’ ಎಂದು ಹಾಕಿದರೆ ಆಕೆ ಮದುವೆಯಾಗುವ ಬದಲು ಸಂನ್ಯಾಸ ತೆಗೆದುಕೊಂಡಂತೆ ಕೇಳಿಸುತ್ತದೆ. ಅದರ ಸ್ಥಾನ ಕಾವ್ಯ ಮತ್ತು ಪ್ರಾರ್ಥನೆ.

ಕಂಕನಾಡಿಯವರು ‘ಇಂಟಿಮುಸ್’ ಎಂದದ್ದರಿಂದ ಒಂದು ಸೇರ್ಪಡೆ. ಋಗ್ವೇದದ ಐದನೆಯ ಮಂಡಲದಲ್ಲಿ ಅಗ್ನಿಯನ್ನು ‘ಅಂತಮ’ ಎಂದು ಕರೆದಿದೆ, ನಮಗೆ ಅತ್ಯಂತ ಹತ್ತಿರದವನು ಎಂಬ ಅರ್ಥದಲ್ಲಿ. ಆ ‘ಅಂತಮ’ ಮತ್ತು ಲ್ಯಾಟಿನಿನ ‘ಇಂಟಿಮುಸ್’ ಒಂದೇ ಬೇರಿನವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಯೂ ಒಳಗಿನದು ಎಂಬುದು ಆಪ್ತವಾದದ್ದು ಎಂಬ ಕಡೆಗೆ ಜಾರಿದೆ.

‘ಮನದಾಳದ’ ಎಂಬುದನ್ನು ಯಾರೂ ಇನ್ನೂ ಸೂಚಿಸಿಲ್ಲ, ಸೂಚಿಸುವ ಮೊದಲೇ ಬೇಡವೆನ್ನುತ್ತೇನೆ. ಅದರಲ್ಲಿ ಆಳವೆಂಬುದು ಬಹಿರಂಗವಾಗಿಯೇ ಕುಳಿತಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವೇನೆಂದರೆ, ಸನ್ಮಾನ ಸಮಾರಂಭಗಳಲ್ಲಿಯೂ ಸಂದರ್ಶನಗಳ ತಲೆಬರಹಗಳಲ್ಲಿಯೂ ‘ಮನದಾಳದ ಮಾತು’ ಎಂದು ಸಾವಿರ ಜನರ ಎದುರು ಹೇಳಿ ಹೇಳಿ, ಅದು ಈಗ ಯಾರಿಂದಲೂ ಮುಚ್ಚಿಡದ ಮಾತು ಎಂಬ ಅರ್ಥಕ್ಕೆ ಬಂದು ನಿಂತಿದೆ.

ಮಕ್ಕಳಿಗೆ ‘ಇನ್ನರ್’ ಮತ್ತು ‘ಇನ್ನರ್‌ಮೋಸ್ಟ್’ ನಡುವಿನ ವ್ಯತ್ಯಾಸವನ್ನು ತೋರಿಸುವುದಕ್ಕೆ ನಮ್ಮ ಕರಾವಳಿಯ ಯಾವುದೇ ದೇವಸ್ಥಾನ ಸಾಕು. ಹೊರಾಂಗಣ, ಸುತ್ತುಪೌಳಿ ದಾಟಿದರೆ ಒಳಾಂಗಣ, ಅಲ್ಲಿ ತೀರ್ಥಮಂಟಪ, ಅದರಾಚೆ ಗರ್ಭಗುಡಿ. ಒಳಾಂಗಣಕ್ಕೆ ‘ಒಳ’ ಎಂಬ ಹೆಸರಿದ್ದರೂ ಅದು ಎಲ್ಲಕ್ಕಿಂತ ಒಳಗಿನದಲ್ಲ. ಅಂಗಿ ತೆಗೆದು, ಕೈಕಾಲು ತೊಳೆದ ಭಕ್ತ ಅಲ್ಲಿಯವರೆಗೆ ಹೋಗುತ್ತಾನೆ. ಗರ್ಭಗುಡಿಯ ಹೊಸ್ತಿಲು ದಾಟುವುದು ಅರ್ಚಕರು ಮಾತ್ರ. ಉಡುಪಿಯ ಕೃಷ್ಣಮಠದಲ್ಲಿ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಗೆ ಮುಖವಿಟ್ಟು ನೋಡುವವನಿಗೆ ಕೃಷ್ಣ ತೀರಾ ಹತ್ತಿರದಲ್ಲೇ ಕಾಣುತ್ತಾನೆ, ಮೆಟ್ಟಿಲಿಳಿದು ಆಳಕ್ಕೆ ಹೋಗುವ ಪ್ರಮೇಯವಿಲ್ಲ. ಹತ್ತಿರವಿದ್ದರೂ ಒಳಗೆ ಹೋಗುವಂತಿಲ್ಲ. ಬೋರ್ಡಿನ ಮೇಲೆ ಒಂದರೊಳಗೊಂದು ಚೌಕಗಳನ್ನು ಬರೆದು ಈ ಹೆಸರುಗಳನ್ನು ಕೊಟ್ಟರೆ, ಮಕ್ಕಳು ಆ ನಡುವಿನ ಚೌಕಕ್ಕೆ ‘ಮೋರ್’ ಸೇರಿಸುವುದಿಲ್ಲ.

ಮರುಪ್ರಶ್ನೆ: ಕುಂಜಿಬೆಟ್ಟಿನ ಅಧ್ಯಾಪಕಿ

ಎಲ್ಲರಿಗೂ ಧನ್ಯವಾದಗಳು. ದೇವಸ್ಥಾನದ ಚೌಕಗಳನ್ನು ಖಂಡಿತ ಬರೆಯುತ್ತೇನೆ. ಎರಡು ಸಂದೇಹಗಳು ಉಳಿದಿವೆ. ‘ಇನ್‌ಮೋಸ್ಟ್’ ಮತ್ತು ‘ಇನ್ನರ್‌ಮೋಸ್ಟ್’ ಒಂದೇ ಆದರೆ ಯಾವುದನ್ನು ಕಲಿಸಲಿ? ‘ಇನ್‌ವರ್ಡ್’ ಎಂಬುದು ಇವುಗಳ ನಡುವೆ ಎಲ್ಲಿ ನಿಲ್ಲುತ್ತದೆ? ಮತ್ತು ಕಥೆಯ ಆ ವಾಕ್ಯಕ್ಕೆ ಕೊನೆಗೂ ಒಂದು ಕನ್ನಡ ವಾಕ್ಯ ಬೇಕು. ಪರ್ಕಳದವರು ಬೇಡವಾದವುಗಳನ್ನೆಲ್ಲ ಹೇಳಿ, ಬೇಕಾದದ್ದನ್ನು ಹೇಳದೆ ನಿಲ್ಲಿಸಿದ್ದಾರೆ.

ಉತ್ತರ: ಮಣ್ಣಗುಡ್ಡೆಯ ಮಾಸ್ಟ್ರು

ಮೇಡಂ, ‘ಇನ್‌ಮೋಸ್ಟ್’ ಹಳೆಯದು, ‘ಇನ್ನರ್‌ಮೋಸ್ಟ್’ ಅದರ ನಂತರ ಮಧ್ಯಕಾಲದ ಇಂಗ್ಲಿಷಿನಲ್ಲಿ ಹುಟ್ಟಿದ್ದು. ಅರ್ಥದಲ್ಲಿ ಭೇದವಿಲ್ಲ, ಆದರೆ ಇಂದಿನ ಬರವಣಿಗೆಯಲ್ಲಿ ‘ಇನ್‌ಮೋಸ್ಟ್’ ಹೆಚ್ಚಾಗಿ ಕಾವ್ಯದ, ಪ್ರವಚನದ ದನಿಯಲ್ಲಿ, ಮನಸ್ಸು ಮತ್ತು ಆತ್ಮದ ವಿಷಯದಲ್ಲಿ ಕಾಣುತ್ತದೆ. ಗ್ರಹ, ಪದರ, ಕೋಣೆ ಮುಂತಾದ ಕಣ್ಣಿಗೆ ಕಾಣುವ ವಸ್ತುಗಳಿಗೆ ‘ಇನ್ನರ್‌ಮೋಸ್ಟ್’ ಎಂಬುದೇ ಚಾಲ್ತಿ. ಮಕ್ಕಳು ಒಂದನ್ನೇ ಕಲಿಯುವುದಾದರೆ ಎರಡೂ ಕಡೆ ನಡೆಯುವ ‘ಇನ್ನರ್‌ಮೋಸ್ಟ್’ ಕಲಿಯಲಿ, ಇನ್ನೊಂದನ್ನು ಓದಿದಾಗ ಗುರುತಿಸಿದರೆ ಸಾಕು. ‘ಇನ್‌ವರ್ಡ್’ ಈ ಸಾಲಿಗೆ ಸೇರಿದ್ದೇ ಅಲ್ಲ. ಅದರಲ್ಲಿ ಇರುವುದು ದಿಕ್ಕು, ಅಥವಾ ಹೊರತೋರಿಕೆಗೆ ಎದುರಾದದ್ದು. ಹೊರಗೆ ಗಂಭೀರವಾಗಿದ್ದು ಒಳಗೆ ನಗುವವನದು ‘ಇನ್‌ವರ್ಡ್ ಸ್ಮೈಲ್’. ಅಲ್ಲಿ ಪದರಗಳ ಎಣಿಕೆ ಇಲ್ಲ, ಒಳಗು ಹೊರಗು ಎಂಬ 2 ಕಡೆಗಳಷ್ಟೇ ಇವೆ.

ಮತ್ತೊಂದು ವಿಷಯವನ್ನು ಹೇಳಲು ಬಿಟ್ಟಿತ್ತು: ಈ ವಿಶೇಷಣ ಸಾಮಾನ್ಯವಾಗಿ ನಾಮಪದದ ಮುಂದೆಯೇ ನಿಲ್ಲುತ್ತದೆ. ‘ಹರ್ ಇನ್ನರ್‌ಮೋಸ್ಟ್ ಥಾಟ್ಸ್’ ಸರಿ. ‘ಹರ್ ಥಾಟ್ಸ್ ಆರ್ ಇನ್ನರ್‌ಮೋಸ್ಟ್’ ಎಂದು ಬರೆದರೆ ವ್ಯಾಕರಣದ ಯಾವ ನಿಯಮಕ್ಕೆ ವಿರುದ್ಧವೆಂದು ತೋರಿಸುವುದು ಕಷ್ಟವಾದರೂ ಇಂಗ್ಲಿಷ್ ಬಲ್ಲವರು ಹಾಗೆ ಬರೆಯುವುದಿಲ್ಲ. ಸಾಲಿನಿಂದ ಒಂದನ್ನು ಹೆಕ್ಕುವಾಗ ಮಾತ್ರ ‘ದಿ ಇನ್ನರ್‌ಮೋಸ್ಟ್ ಆಫ್’ ಎಂದು ಒಂಟಿಯಾಗಿ ಬಂದೀತು, ಮೇಲೆ ಅಯೋಗೆ ಹೇಳಿದಂತೆ.

ಉತ್ತರ: ಪರ್ಕಳದ ಓದುಗ

ಆಕ್ಷೇಪಣೆ ಒಪ್ಪಿದೆ, ಮೇಡಂ. ಪದರ, ಗ್ರಹ, ಕೋಣೆ ಇತ್ಯಾದಿಗಳಿಗೆ ‘ಎಲ್ಲಕ್ಕಿಂತ ಒಳಗಿನ’ ಎಂದು ಬರೆಯಿರಿ, ಅಲ್ಲಿ ಬೇರೆ ಹುಡುಕಾಟ ಅನಗತ್ಯ. ನಾಯಕಿಯ ವಾಕ್ಯಕ್ಕೆ ವಿಶೇಷಣವನ್ನು ವಿಶೇಷಣದಿಂದಲೇ ತುಂಬಬೇಕೆಂಬ ಹಟವನ್ನು ಬಿಟ್ಟುಬಿಡಬೇಕು. ಕನ್ನಡದಲ್ಲಿ ಇಂಥ ಕೆಲಸವನ್ನು ಕ್ರಿಯಾಪದದ ಕೃದಂತ ರೂಪಗಳು ಚೆನ್ನಾಗಿ ಮಾಡುತ್ತವೆ: ಹೇಳಿಕೊಳ್ಳದ, ತೋರಗೊಡದ, ಬಾಯಿಬಿಡದ. ನಿಘಂಟು ನೋಡಬೇಕೆನಿಸಿದರೆ ಇಂಗ್ಲಿಷ್ ಶಬ್ದದಿಂದ ಹೊರಡುವ ಬದಲು ಕನ್ನಡದ ‘ಒಳ’ ಎಂಬಲ್ಲಿಂದ ಹೊರಡುವುದು ಲೇಸು. 1894ರಲ್ಲಿ ನಮ್ಮ ಮಂಗಳೂರಿನಿಂದಲೇ ಪ್ರಕಟವಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಆ ದಿಕ್ಕಿನಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ನನಗೆ ಸರಿಕಂಡ ವಾಕ್ಯ ಇದು: ‘ಯಾರಲ್ಲಿಯೂ ಹೇಳಿಕೊಳ್ಳದ ತನ್ನ ಮನಸ್ಸಿನ ಮಾತುಗಳನ್ನು ಆಕೆ ಒಡಹುಟ್ಟಿದ ಅಕ್ಕನಿಗೂ ತೋರಗೊಡದೆ, ಒಳಗೊಳಗೇ ಇಟ್ಟುಕೊಂಡು ಮದುವೆಯಾಗಿ ಹೋದಳು.’ ‘ಯಾರಲ್ಲಿಯೂ ಹೇಳಿಕೊಳ್ಳದ’ ಎಂಬುದು ಕರಾವಳಿಯ ವಾಡಿಕೆ. ಘಟ್ಟದ ಮೇಲಿನ ಮಕ್ಕಳು ತರಗತಿಯಲ್ಲಿದ್ದರೆ ‘ಯಾರಿಗೂ ಹೇಳದ’ ಎಂದು ತಿದ್ದಿಕೊಳ್ಳಬಹುದು.

ಉತ್ತರ: ಕಂಕನಾಡಿಯ ಅನುವಾದಕಿ

ವಾಕ್ಯ ಚೆನ್ನಾಗಿದೆ, ಆದರೆ ‘ಯಾರಲ್ಲಿಯೂ ಹೇಳಿಕೊಳ್ಳದ’, ‘ತೋರಗೊಡದೆ’, ‘ಒಳಗೊಳಗೇ’ ಎಂದು ಒಂದೇ ಕೆಲಸವನ್ನು ಮೂವರು ಮಾಡುತ್ತಿದ್ದಾರೆ. ಮೂಲದಲ್ಲಿ ಒಂದೇ ವಿಶೇಷಣವಿದೆ. ಮೊದಲನೆಯದನ್ನು ತೆಗೆದು, ‘ತನ್ನ ಮನಸ್ಸಿನಲ್ಲಿದ್ದುದನ್ನು ಆಕೆ ಅಕ್ಕನಿಗೂ ತೋರಗೊಡದೆ ಒಳಗೊಳಗೇ ಇಟ್ಟುಕೊಂಡಳು’ ಎಂದು ನಿಲ್ಲಿಸಿ, ಮದುವೆಯ ಸಂಗತಿಯನ್ನು ಮುಂದಿನ ವಾಕ್ಯಕ್ಕೆ ಬಿಟ್ಟರೆ ಮಕ್ಕಳಿಗೂ ಹಿಡಿಯುವುದು ಸುಲಭ.